ಅಕ್ಕನ ದನಿಗೆ ಕೊಂಡ ಸ್ಪೀಕರುಗಳು

ಗುರುವಾರ, ನವೆಂಬರ್ ೧೪

ಹೊಸ ಸ್ಪೀಕರು ಪಳಗಲು ನೂರು ಗಂಟೆ ಹಾಡಬೇಕು ಎಂದಿದ್ದ ಅಂಗಡಿಯವನು. ಆರು ದಿನದಿಂದ ಎರಡನ್ನೂ ಎದುರುಬದುರು ನಿಲ್ಲಿಸಿ, ಸದ್ದಡಗಲೆಂದು ಮೇಲೆ ರಜಾಯಿ ಹೊದಿಸಿ, ಹಾಡಲು ಬಿಟ್ಟು ಕಾಲೇಜಿಗೆ ಪಾಠ ಮಾಡಲು ಹೋಗುತ್ತಿದ್ದೇನೆ. "ಒಳ್ಳೇ ಬಾಣಂತನ ಮಾಡ್ತಿದೀಯ ಕಣೇ," ಎಂದು ಇವರ ನಗೆ.

ಇಂದು ಸಂಜೆ ತಡೆಯಲಾಗಲಿಲ್ಲ. ಅಕ್ಕ ಕವಿತೆ ಓದಿದ ಕ್ಯಾಸೆಟ್ಟು ಹಾಕಿದೆ. ಅವಳು ಹೋಗಿ ಹನ್ನೊಂದು ವರ್ಷ; ಅಂದಿನಿಂದ ಇದನ್ನು ಕೇಳಿರಲಿಲ್ಲ. ಇವನ್ನು ಕೊಂಡದ್ದೇ ಅದನ್ನು ಕೇಳಲು. ದನಿ ತೆಳ್ಳಗೆ, ಚೂಪಾಗಿ ಬಂತು. ಅವಳದು ಬೆಚ್ಚನೆಯ, ತುಂಬಿದ ದನಿ.

"ಇವು ಇನ್ನೂ ಪಳಗಿಲ್ಲ," ಎಂದೆ.

ಇವರು ಕ್ಯಾಸೆಟ್ಟಿನ ಸದ್ದು ತಗ್ಗಿಸಿದರು. "ಇಲ್ಲ ಕಣೇ, ನಿಮ್ಮಕ್ಕನ ದನಿ ಇದ್ದದ್ದೇ ಹೀಗೆ. ಅವರ ಫೋನ್ ಬಂದ್ರೆ ನಾನು ಕಿವಿಯಿಂದ ಗೇಣುದೂರ ಹಿಡೀತಿದ್ದೆ."

ನಿಮಗೇನು ಗೊತ್ತು ಎಂದು ರೇಗಿದೆ. ಆದರೆ ಇವರು ಸುಳ್ಳು ಹೇಳುವವರಲ್ಲ. ಇಷ್ಟು ವರ್ಷ ನನ್ನೊಳಗೆ ಓದುತ್ತಿದ್ದವಳು ಯಾರು ಹಾಗಾದರೆ? ಅವಳ ದನಿಯನ್ನು ನಾನೇ ತಿದ್ದಿ ತಿದ್ದಿ ಮೆತ್ತಗೆ ಮಾಡಿಕೊಂಡೆನೆ?

ಮಲಗಿ, ಕಣ್ಣು ಮುಚ್ಚಿ, ನನ್ನ ಆ ಅಕ್ಕನನ್ನು ಕರೆದೆ. ಕ್ಯಾಸೆಟ್ಟಿನವಳು ಓಗೊಟ್ಟಳು. ಹೊರಳಿ ಮಲಗಿ ಮತ್ತೆ ಕರೆದೆ. ಅವಳೇ. ಎದ್ದು ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನದವರೆಗೂ ಇತ್ತಲ್ಲ ಆ ತುಂಬಿದ ದನಿ, ಅದು ಇನ್ನು ಬಾರದೇನೋ…