ಒಂಬತ್ತು ಜನ ಬಂದ ಸಂಜೆ

ಮೆಲ್ಬರ್ನ್, ಸೋಮವಾರ, 17 ಸೆಪ್ಟೆಂಬರ್ 2018. ಮಧ್ಯಾಹ್ನ ಮೂರು ಗಂಟೆ. ನಾಳೆ ಸೂರ್ಯ ಮುಳುಗುವ ಮೊದಲು ನಮ್ಮ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನ ಉಪವಾಸ ಶುರುವಾಗುತ್ತದೆ; ಅಷ್ಟರೊಳಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳಿ ಮುಗಿಸಬೇಕು. ನೀನು ಎರಡು ಸಲ ಕ್ಷಮೆ ಕೇಳಿದ್ದೀಯ. ಎರಡು ಸಲವೂ ನಾನು ಕೊಟ್ಟಿಲ್ಲ.

ನಲವತ್ತು ವರ್ಷದ ಗೆಳತಿ ಎಸ್ತೆಲ್,

ಮೊದಲ ಸಲ ನೀನು ಕೇಳಿದ್ದು ಕಳೆದ ವಾರ, ನಮ್ಮ ಯೆಹೂದಿ ಹೊಸ ವರ್ಷದ ಬೆಳಿಗ್ಗೆ, ಸಿನಗಾಗ್‌ನ ಪ್ರಾರ್ಥನೆ ಮುಗಿದ ಮೇಲೆ ಹಜಾರದಲ್ಲಿ, ಬಾಯಲ್ಲಿ ಜೇನಿನ ಕೇಕು ಇಟ್ಟುಕೊಂಡು. "ಈ ವರ್ಷ ನಿನ್ನನ್ನ ಎಲ್ಲಾದ್ರೂ ನೋಯಿಸಿದ್ರೆ ಕ್ಷಮಿಸಿಬಿಡೇ ಪರ್ಲ." ನಾನು "ಯಾವುದಕ್ಕೆ?" ಎಂದೆ. "ಎಲ್ಲಾದಕ್ಕೂ!" ಎಂದು ನಕ್ಕು ನನ್ನ ಪಕ್ಕದವಳ ಕಡೆ ತಿರುಗಿದೆ. ಅವಳಿಗೂ ಅದೇ ಮಾತು, ಅದೇ ತುಂಡು ಕೇಕಿನ ನಡುವೆ.

ಎರಡನೆಯದು ನಿನ್ನೆ. ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿದ ಕೋಳಿ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದೆ. "ಆ ಭಾನುವಾರ ಸ್ವಲ್ಪ ಗಡಿಬಿಡಿ ಆಯ್ತು, ಒಪ್ಕೋತೀನಿ" ಎಂದೆ. ನಾನು ಪಾತ್ರೆ ಇಸಿದುಕೊಂಡೆ, ಕ್ಷಮೆ ಕೊಡಲಿಲ್ಲ. ಆಗ ನಿನ್ನ ದನಿ ಬದಲಾಯಿತು. "ಮಂಗಳವಾರ ಬೆಳಿಗ್ಗೆ ಮತ್ತೆ ಬರ್ತೀನಿ. ಮೂರನೇ ಸಲಾನೂ ಬೇಡ ಅಂದ್ರೆ ಆಮೇಲೆ ಪಾಪ ನಿಂದೇ ಕಣೇ, ನಂದಲ್ಲ. ಗೊತ್ತಲ್ಲ?"

ಗೊತ್ತು. ಆ ಸ್ವಲ್ಪ ಗಡಿಬಿಡಿಯನ್ನು ನಾನು ಇಲ್ಲಿ ಬರೆದಿಡುತ್ತೇನೆ. ನೀನು ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ.

ಮಾರ್ಚ್‌ನಲ್ಲಿ ನನ್ನ ಮಗ ಇಲಾನ್ ಸತ್ತ. ಮೂವತ್ತನಾಲ್ಕು ವರ್ಷ, ಟ್ರಾಮ್ ಓಡಿಸುತ್ತಿದ್ದ. ಬೆಳಗಿನ ಪಾಳಿಗೆ ಹೊರಟವನಿಗೆ ಷೂ ಕಟ್ಟಿಕೊಳ್ಳುವಾಗ ಹೃದಯ ನಿಂತುಹೋಯಿತು. ಹೂಳುವಾಗ ಗುಂಡಿ ತೋಡುವವರಿಬ್ಬರನ್ನೂ ಸೇರಿಸಿ ಪ್ರಾರ್ಥನೆಗೆ ಬೇಕಾದ ಹತ್ತು ಜನ ಮಾಡಿಕೊಂಡೆವು. ಮನೆಯಲ್ಲಿ ಒಂದೇ ಒಂದು ಸಂಜೆಯ ಪ್ರಾರ್ಥನೆ ಸಾಕು ಎಂದು ನಾನೇ ಹೇಳಿದ್ದೆ, ಭಾನುವಾರ ಆರೂವರೆಗೆ. ಸಾವಿನ ಮನೆಗೆ ಯಾರು ಹೋಗಬೇಕೆಂಬ ಪಟ್ಟಿ ನಿನ್ನ ಕೈಯಲ್ಲಿತ್ತು. ಲೋಕವನ್ನು ದುರಸ್ತಿ ಮಾಡುವ ಸಮಾಜಸೇವಾ ಸಮಿತಿಯ ಪಟ್ಟಿಯೂ ನಿನ್ನ ಕೈಯಲ್ಲೇ ಇತ್ತು. ಆ ದಿನ ನಿಮ್ಮದು ನದಿ ದಂಡೆಯಲ್ಲಿ ಗಿಡ ನೆಡುವ ಕಾರ್ಯಕ್ರಮ. ಗಿಡದ ಲಾರಿ ನಾಲ್ಕು ಗಂಟೆ ತಡವಾಗಿ ಬಂತು. ನನ್ನ ಪಟ್ಟಿಯಿಂದ ನಾಲ್ವರನ್ನು ತೆಗೆದು ನೀನು ನದಿಯ ಕೆಲಸಕ್ಕೆ ಹಾಕಿದೆ.

ಆರು ಗಂಟೆಗೆ ನಾನು ನಿನಗೆ ಫೋನ್ ಮಾಡಿ ಒಬ್ಬರು ಕಡಿಮೆ ಎಂದೆ. ನೀನು ಹೇಳಿದ್ದು: "ಒಂಬತ್ತು ಜನ ಇದ್ದಾರಲ್ಲ, ಇನ್ನೊಬ್ಬರು ಹೇಗೋ ಬರ್ತಾರೆ ಬಿಡು. ಇಲ್ಲಿ ಗಿಡ ಒಣಗಿ ಹೋಗ್ತಾವೆ. ಇಲಾನ್ ಏನೂ ಅಂದ್ಕೊಳ್ಳಲ್ಲ ಕಣೇ, ಅವನು ಯಾವತ್ತು ಸಿನಗಾಗ್‌ಗೆ ಕಾಲಿಟ್ಟಿದ್ದ?"

ಹತ್ತು ಜನ ಯೆಹೂದಿಗಳಿಲ್ಲದೆ ಸತ್ತವನಿಗಾಗಿ ಕಾದಿಶ್ ಪ್ರಾರ್ಥನೆ ಹೇಳುವಂತಿಲ್ಲ, ಇದನ್ನು ನಿನಗೆ ಕಲಿಸಬೇಕಾಗಿಲ್ಲ. ನನ್ನ ಭಾವ ಲೈಬ್ಲ್ ಗೇಟಿನ ಬಳಿ ನಿಂತು, ನಾಯಿ ಹಿಡಿದು ಹೋಗುವವರನ್ನೆಲ್ಲ "ನೀವು ಯೆಹೂದಿಗಳಾ?" ಎಂದು ಕೇಳಿದ. ಒಬ್ಬ "ಯಾಕೆ, ಏನಾದ್ರೂ ಮಾರ್ತಾ ಇದ್ದೀರಾ?" ಎಂದ. ಪಕ್ಕದ ಮನೆಯ ಗ್ರೀಕ್ ಮುದುಕ ಸ್ತಾವ್ರೋಸ್ ಬೇಲಿಯ ಮೇಲಿಂದ, "ನಾನು ಬರ್ಲಾ ಅಮ್ಮಾ? ಟೋಪಿ ಹಾಕ್ಕೋತೀನಿ, ಯಾರಿಗೂ ಗೊತ್ತಾಗಲ್ಲ" ಎಂದ. ಎಂಟು ಗಂಟೆಯವರೆಗೆ ಕಾದೆವು. ಸಾವಿನ ಮನೆಯಲ್ಲಿ ಕೊಡುವ ಬೇಯಿಸಿದ ಮೊಟ್ಟೆ ತಿಂದು, ಕಾದಿಶ್ ಹೇಳದೆಯೇ ಎಲ್ಲರೂ ಎದ್ದು ಹೋದರು. ಕಾದಿಶ್‌ನ ಪುಟ ಗುರುತಿಸಲು ಇಟ್ಟಿದ್ದ ಇಲಾನ್‌ನ ಹಳೆಯ ಟ್ರಾಮ್ ಟಿಕೆಟ್ ಈಗಲೂ ಆ ಪುಸ್ತಕದಲ್ಲೇ ಇದೆ.

ಕಳೆದ ವಾರ ನದಿಗೆ ಹೋಗಿದ್ದೆ. ನಿಮ್ಮ ಮುನ್ನೂರು ಗಿಡಗಳೂ ಚೆನ್ನಾಗಿ ಹಿಡಿದಿವೆ. ಕೆಲವು ನನ್ನ ಮೊಣಕಾಲಿನೆತ್ತರ ಬಂದಿವೆ. ಅರ್ಧದಷ್ಟಾದರೂ ಒಣಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿನ್ನೆ ಹೊರಡುವಾಗ ನೀನು ಇನ್ನೊಂದು ಮಾತು ಹೇಳಿದೆ: "ನನ್ನ ಜಾಗದಲ್ಲಿ ನೀನಿದ್ದಿದ್ರೆ ನೀನೂ ಅದನ್ನೇ ಮಾಡ್ತಿದ್ದೆ." ಅದು ನಿಜ. ಆರು ವರ್ಷದ ಹಿಂದೆ ಫೈಗ್ಲ್ ಮುದುಕನ ಹೆಂಡತಿ ತೀರಿಕೊಂಡಾಗ ಪಟ್ಟಿ ನಾವಿಬ್ಬರೂ ಸೇರಿ ಮಾಡಿದ್ದೆವು. ನಿರಾಶ್ರಿತರಿಗೆ ಕಂಬಳಿ ಹಂಚುವುದಿತ್ತು. "ಒಂಬತ್ತು ಸಾಕು, ಹತ್ತನೆಯವನಾಗಿ ದೇವರೇ ಬರಲಿ, ಅವನಿಗೇನು ಕೆಲಸ" ಎಂದು ನೀನು ಅಂದೆ. ನಾನು ನಕ್ಕೆ. ಆ ಸಂಜೆ ಫೈಗ್ಲ್ ಏನು ಮಾಡಿದ ಎಂದು ನಾನು ಕೇಳಲಿಲ್ಲ. ಅವನೂ ಈಗ ಇಲ್ಲ. ಈ ಮಾತು ಬರೆದೆನೆಂದು ನಿನ್ನ ಭಾರ ಇಳಿಯಿತು ಅಂದುಕೊಳ್ಳಬೇಡ. ನನ್ನದನ್ನು ನಾನು ಬೇರೆಯಾಗಿ ಹೊರುತ್ತೇನೆ.

ನಿನಗೆ ನೆನಪಿರುವುದು ಮೂರು ಸಲದ ನಿಯಮ ಒಂದೇ. ಅದು ಬದುಕಿರುವವರಿಗೆ. ತಪ್ಪು ಸತ್ತವನಿಗೆ ಮಾಡಿದ್ದರೆ ಬೇರೆ ನಿಯಮವಿದೆ: ಹತ್ತು ಜನರನ್ನು ಕರೆದುಕೊಂಡು ಅವನ ಸಮಾಧಿಗೆ ಹೋಗಿ, ಅವರೆದುರು ನಿಂತು, ಮಾಡಿದ್ದೇನೆಂದು ಗಟ್ಟಿಯಾಗಿ ಹೇಳಬೇಕು. ನೀನು ತಪ್ಪು ಬಾಗಿಲು ತಟ್ಟುತ್ತಿದ್ದೀಯ.

ಆದ್ದರಿಂದ ನಾಳೆ ಬೆಳಿಗ್ಗೆ ನಾನು ಮನೆಯಲ್ಲಿರುವುದಿಲ್ಲ. ಒಂಬತ್ತು ಗಂಟೆಗೆ ಸ್ಮಶಾನದ ಗೇಟು ತೆರೆಯುತ್ತದೆ, ಒಂದಕ್ಕೆ ಮುಚ್ಚುತ್ತದೆ. ಅಷ್ಟೂ ಹೊತ್ತು ಇಲಾನ್‌ನ ಸಾಲಿನೆದುರು ಕಾರಿನಲ್ಲಿ ಕೂತಿರುತ್ತೇನೆ. ಕೆಲಸದ ದಿನ, ಉಪವಾಸದ ಹಿಂದಿನ ದಿನ, ಎಲ್ಲರ ಒಲೆಯ ಮೇಲೂ ಸಾರು ಕುದಿಯುತ್ತಿರುತ್ತದೆ. ಯಾರನ್ನು ಕರೆದರೂ "ಅಯ್ಯೋ ಎಸ್ತೆಲ್, ಇವತ್ತೇ ಆಗ್ಬೇಕಾ?" ಎನ್ನುತ್ತಾರೆ. ಒಬ್ಬೊಬ್ಬರಿಗೂ ಯಾಕೆಂದು ನೀನು ಬಿಡಿಸಿ ಹೇಳಬೇಕಾಗುತ್ತದೆ. ಹೇಳು.

ಹತ್ತು ಜನ ಬಂದರೆ ನಾನು ಇಳಿದು ಬಂದು ನಿಮ್ಮ ಹಿಂದೆ ನಿಂತು ಕೇಳಿಸಿಕೊಳ್ಳುತ್ತೇನೆ. ಒಂಬತ್ತೇ ಜನ ಬಂದರೆ ನೀನು ಕಾರಿನ ಕಡೆ ನೋಡುತ್ತೀಯೆಂದು ಗೊತ್ತು. ಕಿಟಕಿಯ ಬಳಿ ಬಂದು "ಪರ್ಲ, ನೀನು ಇಳಿದ್ರೆ ಹತ್ತಾಗುತ್ತೆ" ಎನ್ನುತ್ತೀಯೆಂದೂ ಗೊತ್ತು. ನಾನು ಬಾಗಿಲು ತೆರೆಯುವುದಿಲ್ಲ. ಇದನ್ನು ಇವತ್ತು ಸಮಾಧಾನದಿಂದ ಕೂತು ತೀರ್ಮಾನಿಸಿದ್ದೇನೆ.

ಈ ಕಾಗದವನ್ನು ಈಗಲೇ ನಡೆದು ಬಂದು ನಿನ್ನ ಪೆಟ್ಟಿಗೆಗೆ ಹಾಕುತ್ತೇನೆ. ಕೋಳಿಯ ಪಾತ್ರೆ ತೊಳೆದಿದೆ, ಅದನ್ನೂ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತೇನೆ. ಸ್ಮಶಾನದಲ್ಲಿ ಮ್ಯಾಗ್‌ಪೈ ಹಕ್ಕಿಗಳು ಗೂಡು ಕಟ್ಟಿವೆ, ತಲೆಗೆ ಎರಗುತ್ತವೆ. ಟೋಪಿ ಹಾಕಿಕೊಂಡು ಬಾ.

ಬರುವ ವರ್ಷಕ್ಕೆ ದೇವರು ಬರೆಯುವ ಪುಸ್ತಕದಲ್ಲಿ, ಬದುಕುವವರ ಸಾಲಿನಲ್ಲಿ, ನಿನ್ನ ಹೆಸರಿಗೆ ಮುದ್ರೆ ಬೀಳಲಿ,

ಇಲಾನ್‌ನ ತಾಯಿ
ಪರ್ಲ