ಬೊಡ್ಡೆಗೆ ಕಟ್ಟಿದ ಹೆಸರು

ಜೂನ್ 12, ಗುರುವಾರ

ಬೆಳಗಿನ ಜಾವ ಮತ್ತೆ ಅದೇ ಕನಸು. ಒಂದು ಮಗು ಗಿಡ ಹಿಡಿದು ಎಳೆಯುತ್ತದೆ. ಬೇರು ಬರುವುದಿಲ್ಲ. ಕೆಳಗಿನಿಂದ ದಪ್ಪ ಬೊಡ್ಡೆ ಎದ್ದು ಬರುತ್ತದೆ, ಅದರ ಮೇಲೆ ನನ್ನ ಮುಖ ಅಂಟಿಸಿದೆ... ಎದ್ದು ನೀರು ಕುಡಿದೆ. ಗ್ಯಾಸ್ ಆಫ್ ಆಗಿದೆಯಾ ನೋಡಿದೆ. ಆಗಿತ್ತು. ಮತ್ತೆ ನೋಡಿದೆ.

ಇವತ್ತು ಗೊಂಬೆ ಕಂಪನಿಯಲ್ಲಿ ಬುಗುರಿ ಪ್ಯಾಕಿಂಗ್. ಪ್ರತಿ ಬಾಕ್ಸ್ ಮೇಲೂ ನನ್ನ ಫೋಟೊ. ತಲೆಗೆ ಟವೆಲ್, ಕೈಯಲ್ಲಿ ಸಸಿ, ನಗು. ಕೆಳಗೆ: ‘ಒಂದು ಗೊಂಬೆಗೆ ಒಂದು ಆಲೆಮರ. ನಿಮ್ಮ ಮಗುವಿನ ಹೆಸರಲ್ಲಿ ನೆಟ್ಟವರು ಲತಾಮಣಿ, ಚನ್ನಪಟ್ಟಣ.’ ಆ ಸಸಿಯನ್ನು ಫೋಟೊಗೆ ಅಂತ ನರ್ಸರಿಯಿಂದ ತಂದು ಸಂಜೆಗೆ ವಾಪಸ್ ಕೊಟ್ಟರು. ನಾನು ನೆಟ್ಟದ್ದು ಒಂದೂ ಇಲ್ಲ.

ನಾನೂ ನನ್ನ ಜೊತೆ ಪ್ಯಾಕಿಂಗ್ ಮಾಡುವ ಮುನ್ನೀಯೂ ಮಾಡಿದ್ದು ಇಷ್ಟು. ಕೂಟಗಲ್ ಹತ್ತಿರ ರೈತ ಬೋರಲಿಂಗಯ್ಯನವರ ದಿಣ್ಣೆಯಲ್ಲಿ ಗೊಂಬೆಗೆ ಅಂತ ಆಲೆಮರ ಕಡಿದಿದ್ದರು. ಉಳಿದ ಬೊಡ್ಡೆಗಳು ಚಿಗುರಿದ್ದವು. ಆ ಚಿಗುರಿಗೆ ಮಕ್ಕಳ ಹೆಸರಿನ ಚೀಟಿ ಕಟ್ಟಿದೆವು. ಮ್ಯಾನೇಜರ್ ಮಧುಕುಮಾರ್ ಕಟ್ಟಿ ಅಂದರು, ಕಟ್ಟಿದೆವು. ನಮ್ಮ ಕಡೆ ಆಲೆಮರ ಯಾರು ನೆಡುತ್ತಾರೆ? ಕಡಿದರೆ ತಾನೇ ಬರುತ್ತದೆ. ಹಾಗಾಗಿ ಆಗ ಏನೂ ಅನ್ನಿಸಲಿಲ್ಲ.

ಈಗ ಬಾಕ್ಸ್‌ಗಳನ್ನು ಫೋಟೊ ಕೆಳಗೆ ಮಾಡಿ ಜೋಡಿಸುತ್ತೇನೆ.

ಜೂನ್ 14

ಬೆಂಗಳೂರು ಆಫೀಸಿನ ಪದ್ಮಶ್ರೀ ಮೇಡಂ ಬಂದಿದ್ದರು. ಕಂಪನಿ ಬಗ್ಗೆ ಹೊರಗೆ ಹೋಗುವ ಮಾತೆಲ್ಲ ಅವರದೇ. ಶಾಲಿನಿ ಅಂತ ಒಬ್ಬ ತಾಯಿ ಫೇಸ್‌ಬುಕ್‌ನಲ್ಲಿ ಬರೆದಿದ್ದಾರಂತೆ—ನನ್ನ ಮಗಳ ಮರ ತೋರಿಸಿ, ಇಲ್ಲವೇ ಸುಳ್ಳು ಅಂತ ಒಪ್ಪಿಕೊಳ್ಳಿ. ಊರೆಲ್ಲ ಶೇರ್ ಆಗಿದೆ. ಜರ್ಮನಿಯ ಅಂಗಡಿಯವರು ಆರ್ಡರ್ ತಡೆದಿದ್ದಾರೆ.

“ಇಪ್ಪತ್ತೆರಡಕ್ಕೆ ಪೇರೆಂಟ್ಸ್‌ನ ಬಸ್ಸಲ್ಲಿ ದಿಣ್ಣೆಗೆ ಕರ್ಕೊಂಡು ಬರ್ತೀವಿ ಲತಾ. ‘ನಾನೇ ನೆಟ್ಟೆ’ ಅಂತ ಒಂದೇ ಮಾತು ಹೇಳಿ. ಕಂಪನಿ ಹೆಸರಿನ ಪ್ರಶ್ನೆ.”

“ಬಾಕ್ಸ್ ಮೇಲಿರೋದು ನನ್ನೆಸ್ರಲ್ವಾ ಮೇಡಂ?”

ಅವರು ಫೋನ್ ನೋಡಿದರು.

ಹೊರಗೆ ಮಧುಕುಮಾರ್ ನನ್ನನ್ನು ತಡೆದು ನಿಲ್ಲಿಸಿದರು. “ಆರ್ಡರ್ ಹೋದ್ರೆ ಗೊಂಬೆ ಮಾಡೋ ಲೇತ್ ಮಿಷನ್ ನಿಂತೋಯ್ತವೆ. ಎಷ್ಟು ಮನೆ ಅನ್ನ ಐತೆ ಇದ್ರಲ್ಲಿ, ನೋಡ್ಕೊ ಕಣವ್ವ.”

ನೋಡಿಕೊಳ್ಳಬೇಕಾದ್ದು ನಾನಂತೆ.

ಜೂನ್ 17

ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವಳು ನಾನು. ಅಷ್ಟು ಜನರ ಮುಂದೆ ಏನು ಮಾತಾಡಲಿ. ತಪ್ಪಾದರೆ? ಕೆಲಸ ಹೋದರೆ? ನನ್ನಿಂದ ಮುನ್ನೀದೂ ಹೋದರೆ? ಕನ್ನಡಿ ಮುಂದೆ ‘ನಾನೇ ನೆಟ್ಟೆ’ ಅಂದು ನೋಡಿದೆ. ಮಾತು ಬಂತು. ಕನ್ನಡಿಗೆ ಬೆನ್ನು ಹಾಕಿದೆ.

ಟೀ ಹೊತ್ತಲ್ಲಿ ಮುನ್ನೀಗೆ ಹೇಳಿದೆ. ನಕ್ಕಳು.

“ಗ್ಯಾಸ್ ಆಫ್ ಮಾಡಿರೋದ್ನೇ ನೀನು ನಂಬಾಕಿಲ್ಲ. ಇದ್ನ ಯಾರ್ಗೆ ನಂಬುಸ್ತೀಯ?”

“ತಮಾಸೆ ಮಾಡ್ಬೇಡ ಕಣೆ.”

“ಫೋಟೊ ತಗ್ಯೋವಾಗ ಯಾಕಂಗೆ ಹಲ್ಲು ಬುಟ್ಟಿದ್ದೆ?”

“ಸ್ಮೈಲ್ ಅಂದ್ರು.”

“ಈಗ ಸುಳ್ಳೇಳು ಅಂತಾವ್ರೆ. ಅಂದಿದ್ದೆಲ್ಲ ಮಾಡ್ತೀಯೇನು?”

ಟೀ ಆರಿಹೋಯಿತು. ಕುಡಿಯಲಿಲ್ಲ.

ಜೂನ್ 22, ಭಾನುವಾರ ಸಂಜೆ

ಹೇಳಿಬಿಟ್ಟೆ.

ದಿಣ್ಣೆಗೆ ಎರಡು ಬಸ್. ಹೊಸ ಬ್ಯಾನರ್. ಬೊಡ್ಡೆ ಕಾಣಬಾರದು ಅಂತ ನಿನ್ನೆಯೇ ಎಲ್ಲದಕ್ಕೂ ಮಣ್ಣು ಏರಿಸಿದ್ದರು, ಚಿಗುರಷ್ಟೇ ಮೇಲೆ. ಶಾಲಿನಿ ಅಂದರೆ ಜಗಳಗಂಟಿ ಅಂದುಕೊಂಡಿದ್ದೆ. ಮೆತ್ತಗಿನ ಹೆಂಗಸು. ಮಗಳ ಕೈಯಲ್ಲಿ ನೀರಿನ ಬಾಟಲಿ, ತನ್ನ ಮರಕ್ಕೆ ಹಾಕಲು ತಂದದ್ದು. ಚೀಟಿಯಲ್ಲಿ ಹೆಸರು ನೋಡಿ ಕುಣಿಯಿತು ಮಗು.

“ಇದು ನೀವೇ ನೆಟ್ಟಿದ್ದಾ?” ಶಾಲಿನಿ ಕೇಳಿದರು.

ಪದ್ಮಶ್ರೀ ಮೇಡಂ ನನ್ನನ್ನೇ ನೋಡುತ್ತಿದ್ದರು.  ಕಾಲಲ್ಲೇ ಮಣ್ಣು ಕೆದಕಿದೆ. ಬೊಡ್ಡೆ ಕಂಡಿತು, ಗರಗಸದ ಗುರುತು ಸಮೇತ.

“ನೆಟ್ಟಿಲ್ಲ ಮೇಡಂ. ಯಾರೂ ನೆಟ್ಟಿಲ್ಲ. ಗೊಂಬೆಗೆ ಕಡಿದಿದ್ದು ಇದ್ನೇ. ತಾನಾಗೇ ಚಿಗುರೈತೆ. ಚೀಟಿ ಮಾತ್ರ ನಾನು ಕಟ್ಟಿದ್ದು.”

ಯಾರೋ ಫೋನ್ ಎತ್ತಿ ವಿಡಿಯೊ ಮಾಡುತ್ತಿದ್ದರು. ಮಧುಕುಮಾರ್ ಮುಂದೆ ಬಂದರು. “ಅವ್ರಿಗೆ ಒಸಿ ಹುಷಾರಿಲ್ಲ.”

“ಹುಷಾರಾಗೇ ಇವ್ನಿ ಸಾರ್.”

“ನಾನೂ ಕಟ್ಟಿದ್ದೆ,” ಹಿಂದಿನಿಂದ ಮುನ್ನೀ. “ನಂಗೂ ಹುಷಾರಿಲ್ವಾ?”

 ಮಗು ನನ್ನ ಸೆರಗು ಎಳೆದು, ನೀರು ಹಾಕಬಹುದಾ ಅಂತ ಕೇಳಿತು. ಹಾಕವ್ವ ಅಂದೆ.

ಬಸ್ ಹೋದ ಮೇಲೆ ಬೋರಲಿಂಗಯ್ಯನವರು ಬೀಡಿ ಹಚ್ಚಿದರು. “ಇದ್ರಲ್ಲಿ ಮುಚ್ಚಿಡಾಕೆ ಏನೈತವ್ವ? ಬಲಿತ್ರೆ ಮತ್ತೆ ಕಡೀತೀವಿ, ಮತ್ತೆ ಚಿಗುರ್ತದೆ. ಅದ್ಕೇ ಅಲ್ವಾ ಬೊಡ್ಡೆ ಬುಟ್ಟಿರೋದು.”

ಕೇಳಿಸಿಕೊಂಡವರು ನಾನು, ಮುನ್ನೀ ಇಬ್ಬರೇ.

ಜೂನ್ 24

ಗೇಟಲ್ಲೇ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ಬಿಟ್ಟರು. ಮಧುಕುಮಾರ್ ಒಂದು ಪೇಪರ್ ಮುಂದಿಟ್ಟರು: ‘ಚೀಟಿ ಕಟ್ಟುವಾಗ ಕಾರ್ಮಿಕರಿಂದ ತಪ್ಪಾಗಿದೆ.’ ಸೈನ್ ಹಾಕಬೇಕಂತೆ.

“ಕಟ್ಟು ಅಂದೋರು ಯಾರು ಅಂತಲೂ ಬರೀರಿ ಸಾರ್. ಹಾಕ್ತೀನಿ.”

ಅವರು ಪೆನ್ ಮುಂದೆ ತಳ್ಳಿದರು.  ಪೇಪರ್ ಅವರ ಕಡೆಗೇ ವಾಪಸ್ ತಳ್ಳಿದೆ. ಸೈನ್ ಹಾಕಲಿಲ್ಲ.

“ಒಸಿ ದಿನ ಮನೇಲಿ ರೆಸ್ಟ್ ತಗೊ,” ಅಂದರು.

ಜುಲೈ 9

ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಕೆಲಸ ಇದೆಯಾ, ಹೋಯಿತಾ, ಯಾರೂ ಹೇಳುವುದಿಲ್ಲ. ಫೋನ್ ಬಡಿದರೆ ಎದೆ ಬಡಿಯುತ್ತದೆ.

ಇವತ್ತು ಬಡಿಯಿತು. ಪದ್ಮಶ್ರೀ ಮೇಡಂ. ವಿಡಿಯೊ ಎಲ್ಲ ಕಡೆ ಓಡಾಡಿದೆಯಂತೆ. ಕಂಪನಿಗೆ ಬೈದವರೂ ನನ್ನನ್ನು ಹೊಗಳಿದ್ದಾರಂತೆ.

“ಜನ ನಿಮ್ಮನ್ನ ನಂಬ್ತಾರೆ ಲತಾ. ಜರ್ಮನಿಯವರೂ ಮತ್ತೆ ಮಾತಾಡ್ತಿದಾರೆ. ಹೊಸ ಬಾಕ್ಸಲ್ಲೂ ನಿಮ್ಮ ಫೋಟೊನೇ. ಡಿಸೈನ್ ವಾಟ್ಸಾಪ್ ಮಾಡಿದೀನಿ. ಓಕೆ ಅನ್ನಿ, ನಾಳೆಯಿಂದ ಕೆಲಸಕ್ಕೆ ಬನ್ನಿ.”

ಬೆರಳಿಟ್ಟುಕೊಂಡು ಓದಿದೆ. ‘ಈ ಮರ ನೆಟ್ಟದ್ದಲ್ಲ. ಕಡಿದ ಬೊಡ್ಡೆಯಿಂದ ಚಿಗುರಿದ್ದು.’ ಎದೆ ಹಗುರಾಯಿತು. ನಾನು ಅಂದದ್ದನ್ನೇ ಅಚ್ಚು ಹಾಕಿದ್ದಾರೆ. ಕೆಳಗೆ ಇನ್ನೊಂದು ಸಾಲು: ‘ಇನ್ನೆಂದೂ ಇದಕ್ಕೆ ಕೊಡಲಿ ಬೀಳುವುದಿಲ್ಲ. ಇದು ಲತಾಮಣಿ ಕೊಟ್ಟ ಮಾತು.’

ನಾನು ಯಾವಾಗ ಕೊಟ್ಟೆ?

ಓಕೆ ಅಂದರೆ ನಾಳೆ ಕೆಲಸ. ಎರಡಕ್ಷರ. ಎದ್ದು ಹೋಗಿ ಗ್ಯಾಸ್ ನೋಡಿದೆ. ಆಫ್ ಆಗಿತ್ತು. ಒಂದೇ ಸಲ ನೋಡಿದ್ದು. ಬಂದು ಟೈಪ್ ಮಾಡಿದೆ—

‘ಮೇಡಂ, ಕೊನೆ ಸಾಲು ನನ್ನದಲ್ಲ. ಆ ಸಾಲು ತೆಗೀರಿ, ಇಲ್ಲ ನನ್ನ ಫೋಟೊ ತೆಗೀರಿ. ಬಲಿತ ಮೇಲೆ ಕಡೀತಾರೋ ಇಲ್ಲವೋ, ದಿಣ್ಣೆಗೆ ಹೋಗಿ ಬೋರಲಿಂಗಯ್ಯನವರನ್ನ ನೀವೇ ಒಂದ್ಸಲ ಕೇಳಿ ನೋಡಿ.’ ಕಳಿಸಿದೆ.