ಬಚ್ಚಲಿನಿಂದ ಬಿಚ್ಚಿದ ಬಲ್ಬು

ತಮ್ಮಾ,

ಅಪ್ಪನನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಬೆಳಗಿನ ಜಾವ ಬಚ್ಚಲಿನ ಕತ್ತಲಲ್ಲಿ ಜಾರಿ ಬಿದ್ದರು, ಬಲಗೈ ಊದಿಕೊಂಡಿದೆ. ಎಷ್ಟು ಕೂಗಿದರೂ ನೀನು ಏಳಲಿಲ್ಲ. "ಕರೆಂಟ್ ಉಳಿಸೋಣ, ಅಪ್ಪ ಕಣ್ಮುಚ್ಕೊಂಡೇ ಹೋಗಿ ಬರ್ತಾರೆ ಬಿಡು" ಎಂದು ಅಲ್ಲಿನ ಬಲ್ಬು ಬಿಚ್ಚಿದವನು ನೀನೇ.

ನಿನ್ನ ಸೋಫಾ ಅಂಗಡಿಯಲ್ಲೋ, ಬಾಗಿಲು ಹಾರು ಹೊಡೆದಿದ್ದರೂ ಎ.ಸಿ. ಓಡುತ್ತದೆ, ಬೀದಿಗೆಲ್ಲ ತಂಪು. ಅಂಗಡಿ ಮುಚ್ಚಿದ ಮೇಲೂ ಬೋರ್ಡು ಉರಿಯುತ್ತಲೇ ಇರುತ್ತದೆ, ಬೀದಿನಾಯಿಗಳು ಸೋಫಾ ಕೊಳ್ಳಲು ಬರುತ್ತವೇನೋ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದರೆ ನೀನೇ.

ಉಳಿಸಬೇಡ ಎನ್ನುತ್ತಿಲ್ಲ. ಎದ್ದ ಕೂಡಲೇ ಹೋಗಿ ಆ ಬೋರ್ಡು ಆರಿಸು. ಎ.ಸಿ. ಹಾಕುವುದಾದರೆ ಬಾಗಿಲು ಮುಚ್ಚು. ಬರುವಾಗ ಒಂದು ಚಿಕ್ಕ ಎಲ್‌ಇಡಿ ಬಲ್ಬು ತಂದು ಬಚ್ಚಲಿಗೆ ನೀನೇ ಹಾಕು. ನೆಲವನ್ನೂ ಉಜ್ಜು, ಪಾಚಿಗಟ್ಟಿದೆ.

ಆಸ್ಪತ್ರೆಗೆ ಮಾತ್ರ ಬರಬೇಡ. ಅಪ್ಪ ಆಗಲೇ ಶುರು ಮಾಡಿದ್ದಾರೆ: "ಅವನನ್ನ ಬೈಬೇಡ ಕಣೇ, ನಾನೇ ಗೋಡೆ ಹಿಡ್ಕೊಂಡು ನಡೀಬೇಕಿತ್ತು." ನೀನು ಬಂದರೆ ಹೌದೆಂದು ತಲೆಯಾಡಿಸುತ್ತೀಯ. ಅದನ್ನು ನೋಡಿಕೊಂಡು ಸುಮ್ಮನಿರುವ ತಾಳ್ಮೆ ನನಗಿಲ್ಲ.

ಅಕ್ಕ